ಒಂದೇ ತಟ್ಟೆಯಲ್ಲಿ ಉಂಡರೆ ಬರಲ್ಲ
ಅಕ್ಕಾ, ನೀವು ಕೇಳಿದ್ದು ಎರಡು: ಗೋವಾದಲ್ಲಿ ದುಡಿದು ಬಂದ ಪಕ್ಕದ ಮನೆಯವರಿಗೆ ಎಚ್‌ಐವಿ ಇದೆಯಂತೆ, ಅವರ ಮಗು ಅಂಗನವಾಡಿಯಲ್ಲಿ ನಿಮ್ಮ ಮಗಳ ತಟ್ಟೆಗೇ ಕೈ ಹಾಕುತ್ತೆ, ಅಂಟುತ್ತಾ? ಸೊಳ್ಳೆ ಕಚ್ಚಿದರೆ?

ಎರಡಕ್ಕೂ ಇಲ್ಲ. ಎಂಜಲು, ಬೆವರು, ಬಾವಿ ನೀರು ಯಾವುದರಿಂದಲೂ ಬರಲ್ಲ. ಸೊಳ್ಳೆ ಹೀರಿದ ರಕ್ತವನ್ನು ಇನ್ನೊಬ್ಬರಿಗೆ ಚುಚ್ಚಲ್ಲ, ವೈರಸ್ಸು ಅದರ ಹೊಟ್ಟೆಯಲ್ಲಿ ಬೆಳೆಯೋದೂ ಇಲ್ಲ. ನಿಶ್ಚಿಂತೆಯಿಂದ ಕಳಿಸಿ.

ಹರಡೋದು ನಿರೋಧ್ ಇಲ್ಲದ ಸಂಭೋಗದಿಂದ, ಸೋಂಕಿನ ರಕ್ತದಿಂದ, ಒಬ್ಬರು ಬಳಸಿದ ಸೂಜಿ ಇನ್ನೊಬ್ಬರು ಬಳಸಿದರೆ, ತಾಯಿಯಿಂದ ಮಗುವಿಗೆ. ನಮ್ಮ ಉತ್ತರ ಕರ್ನಾಟಕದ ಕಡೆ ಗಂಡಸರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೋಗ್ತಾರೆ. ಅಲ್ಲಿ ತಗುಲಿಸಿಕೊಂಡವರಿಗೆ ವರ್ಷಗಟ್ಟಲೆ ಜ್ವರವೂ ಕಾಣದೆ ಇರಬಹುದು. ಹಬ್ಬಕ್ಕೆ ಊರಿಗೆ ಬಂದಾಗ ಮನೆಯಲ್ಲೇ ಇದ್ದ ಹೆಂಡತಿಗೂ ದಾಟುತ್ತೆ. ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಾಗೋದು ಬಸುರಿಯಾದಾಗ, ತಾಯಿ ಕಾರ್ಡ್ ಮಾಡಿಸಲು ಹೋಗಿ ಪರೀಕ್ಷೆಗೆ ರಕ್ತ ಕೊಟ್ಟಾಗ. ಆಮೇಲೆ ಊರು ಬೈಯೋದು ಅವಳನ್ನೇ!

ಔಷಧಿ ಇಲ್ಲದಿದ್ದರೆ ಮಗುವಿಗೆ ಬರುವ ಸಂಭವ 100ಕ್ಕೆ 15ರಿಂದ 45. ತಾಯಿ ಎಆರ್‌ಟಿ ಮಾತ್ರೆ (ವೈರಸ್ಸನ್ನು ಹತೋಟಿಯಲ್ಲಿಡುವ ಔಷಧಿ) ತಪ್ಪದೆ ನುಂಗಿದರೆ 5ಕ್ಕಿಂತ ಕಡಿಮೆ. ಹಾಗಾಗಿ ಪಕ್ಕದ ಮನೆಯ ಆ ಮಗುವಿಗೆ ಸೋಂಕು ಇಲ್ಲದೆಯೂ ಇರಬಹುದು. ಇದ್ದರೂ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಪ್ರಕಾರ ಅಂಗನವಾಡಿಯಿಂದ ಹೊರಗಿಡುವ ಹಾಗಿಲ್ಲ. ಅವರ ಒಪ್ಪಿಗೆ ಇಲ್ಲದೆ ಈ ಸುದ್ದಿ ಹೊರಗೆ ಬಿಟ್ಟವರದ್ದೇ ತಪ್ಪು.

ನಿಮ್ಮ ಯಜಮಾನರೂ ಹೊರಗೆ ದುಡಿಯುತ್ತಾರೆ ಅಂದಿದ್ದೀರಿ. ಇಬ್ಬರೂ ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಪರೀಕ್ಷೆ ಮಾಡಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ, ಗುಟ್ಟಾಗಿರುತ್ತೆ. ಬಾಯಿಬಿಟ್ಟು ಕೇಳಲು ಮುಜುಗರ ಆದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಉಚಿತ.