ಜಪಾನಿನಿಂದ ತರಿಸಿದ ಹಳೇ ಸ್ಕೈಲೈನ್: ಮೊದಲು ಟರ್ಬೊನಾ, ಸಸ್ಪೆನ್ಷನ್ನಾ?

ನಿಸ್ಸಾನ್ ಕಂಪನಿಯ ಹಳೇ ಕಾರು ಆರ್32 ಸ್ಕೈಲೈನ್ ತರಿಸಿದ್ದೀರಿ, ಆಗಾಗ ಆಫೀಸಿಗೂ ಓಡಿಸಬೇಕು, ವರ್ಷಕ್ಕೆ ಮೂರ್ನಾಲ್ಕು ಸಲ ಟ್ರ್ಯಾಕಿಗೂ ಒಯ್ಯಬೇಕು, ದುಡ್ಡು ಒಟ್ಟಿಗೆ ಇಲ್ಲ, ಮೊದಲು ದೊಡ್ಡ ಟರ್ಬೊ (ಇಂಜಿನ್ನಿಗೆ ಗಾಳಿ ತುರುಕಿ ಶಕ್ತಿ ಹೆಚ್ಚಿಸುವ ಯಂತ್ರ) ಹಾಕಿಸಲಾ ಸಸ್ಪೆನ್ಷನ್ ಮಾಡಿಸಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಮೊದಲು ರಬ್ಬರ್ ಬದಲಾಯಿಸಿ.

ತಮಾಷೆ ಮಾಡುತ್ತಿಲ್ಲ. ನನ್ನದೂ ಅದೇ ಗಾಡಿ, 1991ರ ಜಿಟಿಎಸ್-ಟಿ, 2 ಲೀಟರಿನ ಆರು ಸಿಲಿಂಡರ್ ಟರ್ಬೊ. ಇರುವುದು ನಾರ್ತ್ ಕ್ಯಾರೊಲಿನಾದ ರಾಲಿ ಹತ್ತಿರ. ಅಮೆರಿಕದಲ್ಲಿ 25 ವರ್ಷ ತುಂಬಿದ ಕಾರಿಗೆ ಇಲ್ಲಿನ ಸುರಕ್ಷತಾ ನಿಯಮದಿಂದ ವಿನಾಯಿತಿ ಇದೆ, ಅದಕ್ಕೇ ನಮಗೆಲ್ಲ ಇದು ಸಿಗುತ್ತಿರುವುದು. ಆದರೆ ಆ 25 ವರ್ಷ ಅನ್ನುವುದನ್ನು ಇನ್ನೊಂದು ಕಡೆಯಿಂದ ನೋಡಿ. ಬಾನೆಟ್ ಕೆಳಗಿರುವ ಪ್ರತಿ ಹೋಸ್, ಪ್ರತಿ ಬುಶ್ (ಕೀಲುಗಳಲ್ಲಿರುವ ರಬ್ಬರ್ ಮೆತ್ತೆ), ಪ್ರತಿ ಸೀಲಿಗೂ ಅಷ್ಟೇ ವಯಸ್ಸು, ನಮ್ಮ ಗಾಡಿಗಳಲ್ಲಿ ಈಗ ಮೂವತ್ತು ದಾಟಿದೆ. ಜಪಾನಿನಲ್ಲಿ ಹರಾಜಿನವರು ಗಾಡಿ ಪರೀಕ್ಷಿಸಿ ಬರೆದ ಶೀಟಿನಲ್ಲಿ 4 ಗ್ರೇಡ್ ಅಂತ ಇದ್ದರೆ ಬಾಡಿ ಚೆನ್ನಾಗಿದೆ ಅಂತ ಅಂದುಕೊಳ್ಳಬಹುದು, ಹೋಸುಗಳ ಬಗ್ಗೆ ಅದೇನೂ ಹೇಳುವುದಿಲ್ಲ. ನಾನು ವ್ಯಾಕ್ಯೂಮ್ ಹೋಸ್ ಒಂದನ್ನು ಬಗ್ಗಿಸಿ ನೋಡೋಣ ಅಂತ ಹಿಡಿದೆ. ಹುರಿದ ಹಪ್ಪಳದ ಹಾಗೆ ಕೈಯಲ್ಲೇ ಮುರಿಯಿತು.

ಮೊದಲ ಆರು ತಿಂಗಳು ನಾನು ಮಾಡಿದ್ದು ಇಷ್ಟೇ: ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಎಲ್ಲ ಹೋಸ್, ಎಲ್ಲ ಆಯಿಲ್, ಪೆಟ್ರೋಲ್ ಪಂಪ್, ರೇಡಿಯೇಟರ್. ನೋಡುವವರಿಗೆ ಏನೂ ಕಾಣುವುದಿಲ್ಲ, ಫೋಟೋ ಹಾಕಿದರೆ ಒಂದು ಲೈಕೂ ಬರುವುದಿಲ್ಲ. ಇದರ ನಡುವೆ ಇನ್ನೊಂದು ಕಾಟ ಇತ್ತು. ಇಂಜಿನ್ ಬಿಸಿಯಾದ ಮೇಲೆ 3000 ಆರ್‌ಪಿಎಮ್ ಸುತ್ತಮುತ್ತ ಮಿಸ್ಸಿಂಗ್ ಹೊಡೆಯುತ್ತಿತ್ತು. ಪ್ಲಗ್ ಬದಲಾಯಿಸಿದೆ, ಕಾಯಿಲ್ ಬದಲಾಯಿಸಿದೆ, ದುಡ್ಡು ಹೋಯಿತು, ಮಿಸ್ಸಿಂಗ್ ಹೋಗಲಿಲ್ಲ. ಕೊನೆಗೆ ನೋಡಿದರೆ ಇಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಮೀಟರ್ ಒಳಗಿನ ಸೋಲ್ಡರ್ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಈ ಇಂಜಿನ್ನಿಗೆ ಇದು ಮಾಮೂಲಿ ಕಾಯಿಲೆ. ಮುಚ್ಚಳ ತೆಗೆದು ಹತ್ತು ನಿಮಿಷ ಸೋಲ್ಡರ್ ಮಾಡಿದೆ, ಸರಿಹೋಯಿತು. ಇಂಥ ಗಾಡಿಗೆ ದೊಡ್ಡ ಟರ್ಬೊ ಹಾಕಿಸಿದ್ದರೆ ತಪ್ಪು ಹಳೆಯದರದ್ದೋ ಹೊಸದರದ್ದೋ ಅಂತ ಹುಡುಕುತ್ತಾ ಇನ್ನೂ ಗ್ಯಾರೇಜಿನಲ್ಲೇ ಕೂತಿರುತ್ತಿದ್ದೆ.

ಆಮೇಲೆ ಬ್ರೇಕು. ಇದನ್ನು ನಾನು ಪೆಟ್ಟು ತಿಂದೇ ಕಲಿತಿದ್ದು. ನಮ್ಮ ಹತ್ತಿರದ ದೊಡ್ಡ ಟ್ರ್ಯಾಕ್ ಅಂದರೆ ವರ್ಜೀನಿಯಾ ಇಂಟರ್‌ನ್ಯಾಷನಲ್ ರೇಸ್‌ವೇ, ಫುಲ್ ಕೋರ್ಸ್ 3.27 ಮೈಲಿ. ಓಕ್ ಟ್ರೀ ತಿರುವು ದಾಟಿದರೆ ಉದ್ದನೆಯ ನೇರ ದಾರಿ, ಅದರ ತುದಿಯಲ್ಲಿ ಬಲವಾಗಿ ಬ್ರೇಕ್ ಒತ್ತಿ ರೋಲರ್ ಕೋಸ್ಟರ್ ಅನ್ನುವ ಇಳಿಜಾರಿನ ತಿರುವಿಗೆ ಹೋಗಬೇಕು. ನಾಲ್ಕನೇ ಸುತ್ತಿನಲ್ಲಿ ಒತ್ತಿದೆ, ಪೆಡಲ್ ಬೆಣ್ಣೆಯ ಮೇಲೆ ಕಾಲಿಟ್ಟ ಹಾಗೆ ನೆಲಕ್ಕೇ ಹೋಯಿತು! ಪಕ್ಕದ ಎಡಗಡೆ ಸೀಟಿನಲ್ಲಿ ಕಲಿಸುವವರು ಕೂತಿದ್ದರು, ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಸ್ವಲ್ಪ ಹಿಡಿಯಿತು, ಅಷ್ಟರಲ್ಲಿ ಹುಲ್ಲಿನ ಮೇಲಿದ್ದೆವು. ಗಾಡಿಗೂ ನಮಗೂ ಏನೂ ಆಗಲಿಲ್ಲ.

ಆಗಿದ್ದೇನು ಅಂದರೆ ಬ್ರೇಕ್ ಆಯಿಲ್ ಕುದಿದಿತ್ತು. ಅದು ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯಬೇಕು, ನೀರು ಸೇರಿದ ಮೇಲೆ ಅದೇ ಲೆಕ್ಕ 155ಕ್ಕೆ ಇಳಿಯುತ್ತದೆ. ನಾನು ಬೆಲ್ಟ್ ಬದಲಾಯಿಸಿದ ದಿನ ಹಾಕಿದ ಆಯಿಲ್ಲನ್ನೇ ಒಂದೂವರೆ ವರ್ಷ ಓಡಿಸಿದ್ದೆ, ದಡ್ಡ. ನನ್ನ ಜಿಟಿಎಸ್-ಟಿಗೆ ಮುಂದೆ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಕಂಪನಿಯಿಂದಲೇ ಬಂದಿದೆ, ಅದು ಸಾಕು. ಟ್ರ್ಯಾಕ್ ಪ್ಯಾಡ್, ಸ್ಟೀಲ್ ಹೆಣಿಗೆಯ ಬ್ರೇಕ್ ಹೋಸ್, ಒಳ್ಳೆಯ ಆಯಿಲ್ ಹಾಕಿ, ಟ್ರ್ಯಾಕಿಗೆ ಹೋಗುವ ಮುಂಚೆ ಪ್ರತಿ ಸಲ ಆಯಿಲ್ ಬದಲಾಯಿಸಿ.

ಸಸ್ಪೆನ್ಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲು ಬುಶ್, ಆಮೇಲೆ ಒಳ್ಳೆ ಟೈರ್, ಆಮೇಲೆ ಕಾಯಿಲೋವರ್, ಅಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ. ತೀರಾ ಬಿಗಿ ಮಾಡಿಸಬೇಡಿ, ರಸ್ತೆಯಲ್ಲಿ ಸೊಂಟ ಹೋಗುತ್ತದೆ. ಹಿಂದಿನ ಚಕ್ರ ತಿರುಗಿಸುವ ಹೈಕಾಸ್ ಇದ್ದರೆ ಅದರ ಬಾಲ್ ಜಾಯಿಂಟ್ ಸವೆದಿದೆಯಾ ನೋಡಿ. ಸವೆದಿದ್ದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ತನ್ನಷ್ಟಕ್ಕೆ ತಾನೇ ಏನೋ ಯೋಚನೆ ಮಾಡಿದ ಹಾಗೆ ಅನಿಸುತ್ತದೆ. ನಾನು ಹಿಂದಿನ ಚಕ್ರ ತಿರುಗದ ಹಾಗೆ ಲಾಕ್ ಬಾರ್ ಹಾಕಿಬಿಟ್ಟೆ. ಹಾಗೇ, ಹೆಡ್‌ಲೈಟೂ ನೋಡಿ. ಜಪಾನಿನಲ್ಲಿ ನಮ್ಮೂರಿನ ಹಾಗೆ ರಸ್ತೆಯ ಎಡಕ್ಕೆ ಓಡಿಸುವುದು, ಆ ಲೈಟಿನ ಬೆಳಕು ಇಲ್ಲಿ ನೇರ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಇಂಡಿಕೇಟರ್ ಬಲಗೈಯಲ್ಲಿದೆ, ಬೇರೆಯವರು ಮೊದಲ ವಾರವೆಲ್ಲ ವೈಪರ್ ಹಾಕಿಕೊಂಡು ತಿರುಗುತ್ತಾರೆ. ನನಗೆ ಮಾತ್ರ ಅಪ್ಪನ ಮಾರುತಿ 800ರಲ್ಲಿ ಕೂತ ಹಾಗೇ ಇತ್ತು.

ಇನ್ನು ನಿಮ್ಮ ಟರ್ಬೊ. ಕಂಪನಿಯ ಟರ್ಬೊದಲ್ಲಿ ಎಕ್ಸಾಸ್ಟ್ ಕಡೆಯ ಚಕ್ರ ಸಿರಾಮಿಕ್‌ನದ್ದು. ಸುಮ್ನೆ ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ) ಏರಿಸುತ್ತಾ 1 ಬಾರ್ ಹತ್ತಿರ ಒಯ್ದರೆ ಅದು ಒಡೆದು ಪುಡಿಯಾಗುವ ಅಪಾಯ ಜಾಸ್ತಿ. ಹೊಸ ಟರ್ಬೊ ಹಾಕಿದರೆ ಇಂಜೆಕ್ಟರ್, ಪಂಪ್, ಕ್ಲಚ್, ಇಸಿಯು (ಇಂಜಿನ್ನಿನ ಕಂಪ್ಯೂಟರ್) ಟ್ಯೂನ್ ಎಲ್ಲ ಜೊತೆಗೇ ಬರುತ್ತದೆ, ಅದರಲ್ಲಿ ಅರ್ಧ ಮಾಡಿ ನಿಲ್ಲಿಸುವ ಹಾಗಿಲ್ಲ. ನಿಮ್ಮ ಹಾಗೆ ಸ್ವಲ್ಪ ಸ್ವಲ್ಪ ಖರ್ಚು ಮಾಡುವವರಿಗೆ ಅದಕ್ಕೇ ಇದು ಕೊನೆಯ ಕೆಲಸ. ಕಂಪನಿ ಕೊಟ್ಟ 215 ಕುದುರೆಯನ್ನೇ ನಾನಿನ್ನೂ ಪೂರ್ತಿ ಬಳಸಿಲ್ಲ. ಮೊನ್ನೆ ಒಬ್ಬರು ಮಾಮೂಲಿ ಮಿಯಾಟಾದಲ್ಲಿ (ಮಾಜ್ದಾದ ಪುಟ್ಟ ಸ್ಪೋರ್ಟ್ಸ್ ಕಾರು) ನನ್ನನ್ನು ಆರಾಮಾಗಿ ದಾಟಿಕೊಂಡು ಹೋದರು.

ಬೆಂಗಳೂರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಒಂದು ಮಾತು: ಭಾರತಕ್ಕೆ ತರಿಸುವ ಸೆಕೆಂಡ್ ಹ್ಯಾಂಡ್ ಕಾರು 3 ವರ್ಷಕ್ಕಿಂತ ಹಳೆಯದಾಗಿರಬಾರದು. ಆರ್32 ಆಸೆ ಬಿಡಿ.

ಈಗ ಹೋಗಿ ಬಾನೆಟ್ ತೆಗೆಯಿರಿ. ಬೆಲ್ಟ್ ಬದಲಾಯಿಸಿದ್ದರೆ ಜಪಾನಿನ ಗ್ಯಾರೇಜಿನವರು ಸಾಮಾನ್ಯವಾಗಿ ಅಲ್ಲೆಲ್ಲೋ ಒಂದು ಸಣ್ಣ ಸ್ಟಿಕರ್ ಅಂಟಿಸಿರುತ್ತಾರೆ, ಕಿಲೋಮೀಟರ್ ಮತ್ತು ತಾರೀಖು ಬರೆದು. ವರ್ಷದ ಜಾಗದಲ್ಲಿ 15 ಅಂತ ಇದ್ದರೆ 2015 ಅಂತ ಖುಷಿಪಡಬೇಡಿ, ಅದು ಹೆಚ್ಚಾಗಿ ಅವರ ಹೈಸೆ ಲೆಕ್ಕ, ಅಂದರೆ ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸುವ ವರ್ಷ. 1988 ಕೂಡಿಸಿ. 2003.