ಬಲ್ಬಿಗೆ ಜಿಗಿ ಬಿತ್ತು ಅಂತ ಇವತ್ತೇ ಎಣ್ಣೆ ಹೊಡೆಯಬೇಡಿ

ಅಣ್ಣಾ, ಎರಡು ದಿನ ಮೋಡ ಮುಚ್ಚಿ ಮೂಡಗಾಳಿ ಬೀಸಿತು, ರಾತ್ರಿ ಮನೆ ಮುಂದಿನ ಬಲ್ಬಿನ ಕೆಳಗೆ ರಾಶಿ ಜಿಗಿಹುಳು (ಭತ್ತದ ರಸ ಹೀರುವ ಪುಟ್ಟ ಹುಳ), ಇದು ಆಂಧ್ರದ ಕಡೆಯಿಂದ ಗಾಳಿಗೆ ಬಂದಿದ್ದಾ, ಬೆಳಿಗ್ಗೆಯೇ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯಲಾ ಅಂತ ಕೇಳಿದ್ದೀರಿ. ಗಾಳಿಗೆ ಬಂದಿರಬಹುದು. ಹೊಡೆಯೋದು ಮಾತ್ರ ತಡೆಯಿರಿ.

ಬಲ್ಬಿಗೆ ಬಿದ್ದದ್ದು ಯಾವುದು ಅಂತ ಮೊದಲು ನೋಡಿ. ಹಸಿರಾಗಿದ್ದು ರೆಕ್ಕೆಯ ತುದಿ ಕಪ್ಪಾಗಿದ್ದರೆ ಅದು ಹಸಿರು ಜಿಗಿ, ಬೇರೆ ಲೆಕ್ಕ. ಕಂದು ಬಣ್ಣದ್ದು, ನಮ್ಮ ಕ್ಯಾಂಪಿನ ತೆಲುಗಿನವರು ಸುಡಿದೋಮ ಅನ್ನೋದು, ಅದಾದರೆ ಮುಂದೆ ಓದಿ.

ಈ ಹುಳಕ್ಕೆ ಸ್ವಂತ ಬಲ ಇಲ್ಲ. ತಾನಾಗಿ ಹಾರಿದರೆ ತಾಸಿಗೆ ಒಂದು ಕಿಲೋಮೀಟರ್ ಆಸುಪಾಸು, ಅಷ್ಟೇ. ಗಾಳಿ ಜೋರಾಗಿದ್ದರೆ ಗರಿ ಬಿಟ್ಟು ಏಳೋದೇ ಇಲ್ಲ. ಹೊತ್ತು ಮುಳುಗುವಾಗ ಕೆಳಗಿನ ಗಾಳಿ ನಿಲ್ಲುತ್ತಲ್ಲ, ಆಗ ಏಳುತ್ತೆ. ಮೇಲೆ ಹೋದರೆ ಅಲ್ಲಿ ಗಾಳಿ ನಿಂತಿರೋದಿಲ್ಲ, ಅದು ಒಯ್ದ ಕಡೆ ಹೋಗುತ್ತೆ. ದಾರಿಯಲ್ಲಿ ಮಳೆ ಸಿಕ್ಕರೆ ಒಂದೇ ಕಡೆ ರಾಶಿಯಾಗಿ ಇಳಿಯುತ್ತೆ. ಜಪಾನಿನ ಚಳಿಯಲ್ಲಿ ಇದು ಬದುಕುಳಿಯೋದಿಲ್ಲ. ಆದರೂ ಪ್ರತಿ ವರ್ಷ ಜೂನ್-ಜುಲೈ ಮಳೆಗಾಳಿಗೆ ದಕ್ಷಿಣ ಚೀನಾದಿಂದ ಸಮುದ್ರ ದಾಟಿ ಅಲ್ಲಿಗೆ ಹೊಸದಾಗಿ ಬರುತ್ತೆ. 1967ರಲ್ಲಿ ಜಪಾನಿನ ದಡದಿಂದ ಸುಮಾರು 500 ಕಿಲೋಮೀಟರ್ ದೂರ ಸಮುದ್ರದಲ್ಲಿದ್ದ ಹವಾಮಾನ ಹಡಗಿಗೆ ಈ ಹುಳದ ಹಿಂಡು ಮುತ್ತಿದ ಮೇಲೆ ಆ ವಿಚಾರ ಗಟ್ಟಿಯಾಯಿತು.

ನಮ್ಮ ಕಡೆ ಕತೆ ಅಷ್ಟು ದೂರದ್ದಾಗಿರಬೇಕಿಲ್ಲ. ಎಡದಂಡೆ ನಾಲೆ ಉದ್ದಕ್ಕೂ ಭತ್ತವೇ, ನಾಟಿ ಒಬ್ಬರದು ಮುಂದೆ ಒಬ್ಬರದು ಹಿಂದೆ. ಗದ್ದೆ ಹಣ್ಣಾಗುತ್ತ ಬಂದು, ಬುಡದಲ್ಲಿ ಹುಳ ಕಿಕ್ಕಿರಿದಾಗ ಉದ್ದ ರೆಕ್ಕೆಯವು ಹುಟ್ಟಿ ಎಳೆ ಪೈರು ಹುಡುಕಿ ಹೊರಡುತ್ತವೆ. ಹಾಗಾಗಿ ನನಗೆ ಆಂಧ್ರಕ್ಕಿಂತ ಎರಡು ಊರಾಚೆಯ ಮುಂಚಿನ ನಾಟಿಯ ಮೇಲೇ ಗುಮಾನಿ.

ಈಗ ಹೊಡೆದರೆ ಏನಾಗುತ್ತೆ ಅನ್ನೋದು ನನ್ನ ಗದ್ದೆಯಲ್ಲೇ ಆಗಿದೆ. ಒಂದು ವರ್ಷ ಹೀಗೇ ಬಲ್ಬು ನೋಡಿ ಹೆದರಿ, ಅಂಗಡಿಯವ ಕೊಟ್ಟ ಪೈರೆಥ್ರಾಯ್ಡ್ ಜಾತಿಯ ಎಣ್ಣೆ ಗರಿ ಮೇಲೆ ಹೊಡೆದೆ. ಮೂರು ವಾರಕ್ಕೆ ನಡುಗದ್ದೆಯಲ್ಲಿ ಪೈರು ಚಕ್ರದ ಹಾಗೆ ಒಣಗಿ ಸುಟ್ಟಂತಾಗಿತ್ತು. ನಾನು ಹೊಡೆಯುವಷ್ಟರಲ್ಲೇ ತತ್ತಿ ಗರಿಯ ಕವಚದೊಳಗೆ ಸೇರಿಯಾಗಿತ್ತು, ಅಲ್ಲಿಗೆ ಎಣ್ಣೆ ಮುಟ್ಟೋದಿಲ್ಲ. ಸತ್ತದ್ದು ಜೇಡ ಮತ್ತು ಮಿರಿಡ್ ತಿಗಣೆ. ಈ ಹಸಿರು ತಿಗಣೆ ಜಿಗಿಯ ತತ್ತಿ ಹೀರಿ ಬದುಕೋದು, ಜಿಗಿ ಬಂದ ಗಾಳಿಗೇ ಅದೂ ಬರುತ್ತೆ. ಅದನ್ನ ನಾನೇ ಕೊಂದಿದ್ದೆ.

ಬಲ್ಬಿಗೆ ಬಿದ್ದ ತಾರೀಖು ಬರೆದಿಡಿ. ತತ್ತಿ ಒಡೆಯಲು 7ರಿಂದ 9 ದಿನ. ಹತ್ತನೇ ದಿನ ಗದ್ದೆಗಿಳಿದು, ಬದುವಿನ ಅಂಚಿನಲ್ಲಲ್ಲ, ಒಳಗೆ ಹೋಗಿ ಇಪ್ಪತ್ತು ಬುಡ ಬಗ್ಗಿಸಿ, ಕೈಯಿಂದ ತಟ್ಟಿ, ನೀರಿಗೆ ಬೀಳುವ ಮರಿ ಎಣಿಸಿ. ಬುಡಕ್ಕೆ ಐದರ ಒಳಗಿದ್ದು ಜೇಡ ಓಡಾಡುತ್ತಿದ್ದರೆ ಸುಮ್ಮನಿರಿ, ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಹತ್ತರ ಹತ್ತಿರ ಬಂದು, ಗಿಡ್ಡ ರೆಕ್ಕೆಯ ದಪ್ಪ ಹೆಣ್ಣುಗಳೂ ಕಂಡರೆ ಅವು ಅಲ್ಲೇ ಸಂಸಾರ ಹೂಡಿವೆ ಅಂತ. ಆಗ ನೀರು ಬಸಿದು, ಪೈಮೆಟ್ರೋಜಿನ್ ಅಥವಾ ಡೈನೋಟೆಫ್ಯುರಾನ್ ಡಬ್ಬಿ ಮೇಲಿನ ಅಳತೆಯಲ್ಲಿ, ನಾಝಲ್ ಕೆಳಗಿಟ್ಟು ಬುಡಕ್ಕೆ ಹೊಡೆಯಿರಿ. ಇಮಿಡಾಕ್ಲೋಪ್ರಿಡ್‌ಗೆ ಈ ಹುಳ ಬಹಳ ಕಡೆ ಬಗ್ಗೋದಿಲ್ಲ.

ಅಲ್ಲಿಯವರೆಗೆ ಯೂರಿಯಾ ಚೀಲ ಬಿಚ್ಚಬೇಡಿ. ನಾಟಿಯಲ್ಲೇ ಎರಡು-ಮೂರು ಮೀಟರಿಗೊಂದರಂತೆ ಒಂದು ಅಡಿ ಅಗಲದ ದಾರಿ ಬಿಟ್ಟಿರದಿದ್ದರೆ, ಈಗಲೂ ಪೈರು ಎಡಬಲಕ್ಕೆ ಬಾಗಿಸಿ ಗಾಳಿ-ಬಿಸಿಲು ಬುಡಕ್ಕೆ ಬೀಳುವ ಹಾಗೆ ಮಾಡಬಹುದು. ಆಳು ಬೇಕು, ನಿಜ.

ನಿಮ್ಮದು ಸೋನಾ ಮಸೂರಿನಾ? ನಾಟಿ ಯಾವಾಗ? ಬುಡದ ಫೋಟೋ ಒಂದು ಹಾಕಿ, ಬಲ್ಬಿನದು ಬೇಡ.