ಮಿರ್ಜಾನ್, ಸದಾಶಿವಗಡ: ಕೋಟೆ ನೋಡಲು ಹೊರಟವರ ಪ್ರಶ್ನೆಗಳು

ಪ್ರಶ್ನೆ: ಆಗಸ್ಟ್‌ನ ಒಂದು ಭಾನುವಾರ ಶಿರಸಿಯಿಂದ ಮಿರ್ಜಾನ್ ಕೋಟೆಗೆ ಹೋಗಿಬರುವ ಯೋಚನೆಯಿದೆ. ಜೊತೆಗೆ ಎಪ್ಪತ್ತು ದಾಟಿದ ಆಯಿ, ಇಬ್ಬರು ಮಕ್ಕಳು. ಅದೇ ದಿನ ಯಾಣ, ಗೋಕರ್ಣ ಎರಡನ್ನೂ ಸೇರಿಸಬಹುದೇ?
— ಓದುಗರು, ಶಿರಸಿ

ಉತ್ತರ: ಮೂರನ್ನೂ ಒಂದೇ ದಿನಕ್ಕೆ ತುರುಕಬೇಡಿ. ಹೆದ್ದಾರಿಯಲ್ಲಿ ಹೋಗುವಾಗ ಅರ್ಧ ತಾಸು ಇಳಿದು, ಬಾಗಿಲಲ್ಲಿ ಫೋಟೊ ತೆಗೆಸಿಕೊಂಡು ಗೋಕರ್ಣಕ್ಕೆ ಓಡುವವರಿಗೆ ಮಿರ್ಜಾನ್ ಕಾಣುವುದೇ ಇಲ್ಲ. ಸುಮಾರು ಹತ್ತು ಎಕರೆ ಹರಡಿದ ಕೋಟೆ ಅದು. ನಿಧಾನವಾಗಿ ಸುತ್ತಲು ಎರಡು ತಾಸಾದರೂ ಬೇಕು. ಬೇಕಿದ್ದರೆ ಮಧ್ಯಾಹ್ನದ ಮೇಲೆ ಗೋಕರ್ಣವೊಂದನ್ನು ಇಟ್ಟುಕೊಳ್ಳಿ. ಯಾಣದಲ್ಲಿ ನಡೆಯುವುದು ಬಹಳ, ಅದಕ್ಕೆ ಬೇರೆ ದಿನವೇ ಇರಲಿ.

ಆಯಿಯನ್ನು ಕರೆದುಕೊಂಡು ಹೋಗುವುದಾದರೆ ಆಗಸ್ಟ್ ಬೇಡ. ಈ ಕೋಟೆ ಪೂರ್ತಿ ಚಿರೆಕಲ್ಲಿನದು. ಕ್ವಾರಿಯಲ್ಲಿ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನ ತುಂಬ ತೂತು. ಕರಾವಳಿಯ ವರ್ಷದ ಮಳೆ 3000 ಮಿ.ಮೀ. ಮೀರುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೇ ಸುರಿಯುತ್ತದೆ. ಕಲ್ಲು ಕುಡಿದ ನೀರು ಆರುವುದರೊಳಗೆ ಮತ್ತೆ ಮಳೆ, ಅದರ ಮೇಲೆ ಹಾವಸೆ. ಫೋಟೊಗಳಲ್ಲಿ ಕಾಣುವ ಆ ಚೆಂದದ ಹಸಿರೇ ಕಾಲು ಜಾರಿಸುವುದು. ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ ಹೋದರೆ ಗೋಡೆಯ ಮೇಲೆ ಹುಲ್ಲು ಹಸಿರಾಗಿಯೇ ಇರುತ್ತದೆ, ಮೆಟ್ಟಿಲು ಮಾತ್ರ ಒಣಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಳಗಿನ ಬಯಲಿನಲ್ಲಿ ನೆರಳು ಕಡಿಮೆ, ಕಲ್ಲು ಕಾದಿರುತ್ತದೆ. ಬೆಳಿಗ್ಗೆ ಒಂಬತ್ತೂವರೆಯೊಳಗೆ ನೋಡಿ ಮುಗಿಸಬೇಕು.

ಸ್ವಂತ ವಾಹನವಿದ್ದರೆ ದೇವಿಮನೆ ಘಟ್ಟ ಇಳಿದು, ಕತಗಾಲ ದಾಟಿ, ದಿವಗಿಯ ಹತ್ತಿರ ಹೆದ್ದಾರಿ ಸೇರಿದ ಮೇಲೆ ಬಲಕ್ಕೆ, ಅಂಕೋಲಾ ಕಡೆಗೆ ತಿರುಗಿ. ಕುಮಟಾ ಪೇಟೆಗೆ ಹೋಗುವ ಅಗತ್ಯವಿಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಮುಚ್ಚಿದ್ದೂ ಉಂಟು, ಆದ್ದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಬಸ್ಸಿಗೆ ಹೋಗುವವರು ಕುಮಟಾದಲ್ಲಿ ಇಳಿದು ಅಂಕೋಲಾ ದಿಕ್ಕಿನ ಲೋಕಲ್ ಬಸ್ ಹಿಡಿಯಬೇಕು. ಮಿರ್ಜಾನ್ ಅಲ್ಲಿಂದ ಸುಮಾರು 11 ಕಿ.ಮೀ. ಎಕ್ಸ್‌ಪ್ರೆಸ್ ಬಸ್ಸಾದರೆ ಮಿರ್ಜಾನಿನಲ್ಲಿ ನಿಲ್ಲಿಸುತ್ತಾರೋ ಇಲ್ಲವೋ ಎಂದು ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ. ಹೆದ್ದಾರಿಯಿಂದ ಕೋಟೆಗೆ ಸ್ವಲ್ಪ ದೂರದ ನಡಿಗೆ ಅಷ್ಟೇ. ತಲೆಗೊಂದು ಲೀಟರ್ ನೀರು ಜೊತೆಗಿರಲಿ, ಊಟ, ಶೌಚದ ಕೆಲಸ ಹೆದ್ದಾರಿಯ ಬದಿಯಲ್ಲೇ ಮುಗಿಸಿಕೊಳ್ಳಿ. ಅಡಿ ಸವೆದ ಚಪ್ಪಲಿ ಬೇಡವೇ ಬೇಡ.

ತಲುಪಿದ ಕೂಡಲೇ ಒಳಗೆ ನುಗ್ಗದೆ, ಮಕ್ಕಳ ಜೊತೆ ಮೊದಲು ಹೊರಗಿನಿಂದ ಅಗಳಿನ ಅಂಚು ಹಿಡಿದು ಸಾಧ್ಯವಾದಷ್ಟು ದೂರ ಸುತ್ತಿ. ಎರಡು ಸುತ್ತಿನ ಗೋಡೆ, ಮೂಲೆಗಳ ಬುರುಜು, ಇವುಗಳ ಲೆಕ್ಕಾಚಾರ ತಿಳಿಯುವುದು ಹೊರಗಿನಿಂದಲೇ. ಆಮೇಲೆ ಹೆಬ್ಬಾಗಿಲು. ಅಲ್ಲಿ ಮೆಟ್ಟಿಲು ಅಗಲವಾಗಿವೆ, ಆಯಿ ಕೈ ಹಿಡಿದುಕೊಂಡು ನಿಧಾನ ಹತ್ತಬಹುದು. ಒಳಗೆ ದರ್ಬಾರ್ ಸಭಾಂಗಣದ ತಳಪಾಯ, ಬಾವಿಗಳು, ಮರದ ಕೆಳಗಿನ ಕಲ್ಲಿನ ಮೂರ್ತಿಗಳು ಎಲ್ಲವೂ ನೆಲಮಟ್ಟದಲ್ಲಿವೆ. ಹೀಗಾಗಿ ಗೋಡೆ ಹತ್ತದಿದ್ದರೂ ಆಯಿಗೆ ಕಳೆದುಹೋಗುವುದು ಹೆಚ್ಚಿಲ್ಲ.

ಪ್ರಶ್ನೆ: ಕೋಟೆ ಕಟ್ಟಿಸಿದ್ದು ಚೆನ್ನಭೈರಾದೇವಿಯೋ, ಬಿಜಾಪುರದವರೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಓದುಗರು, ಕುಮಟಾ

ಉತ್ತರ: ಊರಿನ ನೆನಪು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಡೆಗಿದೆ. ಬಿಜಾಪುರದ ಅಧಿಕಾರಿ ಷರೀಫ್ ಉಲ್ ಮುಲ್ಕ್ 17ನೇ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ಎಂಬುದು ಇನ್ನೊಂದು ವಾದ. ಒಬ್ಬರ ಕೋಟೆಯನ್ನು ಇನ್ನೊಬ್ಬರು ಹಿಡಿದು ಎತ್ತರಿಸುವುದು, ಬಾಗಿಲು ಬದಲಿಸುವುದು ಆ ಕಾಲದಲ್ಲಿ ಸಾಮಾನ್ಯ. ಹಾಗಾಗಿ ಒಂದೇ ಹೆಸರಿಗೆ ಗಂಟು ಬೀಳದೆ ನೋಡುವುದು ಒಳ್ಳೆಯದು. 1552ರಿಂದ 1606ರವರೆಗೆ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಘಟ್ಟದ ಕಾಳುಮೆಣಸು ಅಘನಾಶಿನಿಯ ದಂಡೆಗೆ ಇಳಿದು ಇಲ್ಲಿಂದ ಹಡಗು ಹತ್ತುತ್ತಿತ್ತು, ಆ ವ್ಯಾಪಾರವನ್ನು ಕಾಯುವುದೇ ಕೋಟೆಯ ಕೆಲಸ. 2000–01ರ ಉತ್ಖನನದಲ್ಲಿ ಚೀನಾದ ಪಿಂಗಾಣಿ ಚೂರುಗಳು, ಪೋರ್ಚುಗೀಸ್ ನಾಣ್ಯ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರಶ್ನೆ: ಅರವತ್ತು ಮಕ್ಕಳನ್ನು ಶಾಲೆಯಿಂದ ಕರೆದೊಯ್ಯುತ್ತಿದ್ದೇವೆ. ಏನು ಎಚ್ಚರ ಬೇಕು?
— ಶಿಕ್ಷಕರು, ಅಂಕೋಲಾ

ಉತ್ತರ: ಹದಿನೈದು ಮಕ್ಕಳಿಗೊಬ್ಬ ಶಿಕ್ಷಕರು. ನಾಲ್ಕೂ ಗುಂಪು ಒಟ್ಟಿಗೆ ಒಳಗೆ ಹೋಗುವುದು ಬೇಡ. ಎರಡು ಹೊರಗೆ ಅಗಳಿನ ಬದಿ, ಎರಡು ಒಳಗೆ, ಆಮೇಲೆ ಅದಲು ಬದಲು. ದೊಡ್ಡ ಅಪಾಯ ಬಾವಿ ಮತ್ತು ಗೋಡೆಯ ಅಂಚು. ಮಳೆ ಕಳೆದ ಮೇಲೆ ಹುಲ್ಲು ಮೊಣಕಾಲೆತ್ತರ ಬೆಳೆದು ಅಂಚನ್ನೇ ಮುಚ್ಚಿಬಿಡುತ್ತದೆ. ಗೋಡೆಯ ಸಂದಿಗೆ ಬೇರು ಇಳಿದಲ್ಲಿ ನೀರು ಹೊಕ್ಕು ಮೇಲಿನ ಕಲ್ಲು ಸಡಿಲವಾಗಿರುತ್ತದೆ. ನೋಡಲು ಗಟ್ಟಿ, ಕಾಲಿಟ್ಟರೆ ಅಲುಗುತ್ತದೆ. ಆದ್ದರಿಂದ ಗೋಡೆಯ ತುದಿಯಲ್ಲಿ ನಡೆಯುವುದು, ಕುಳಿತು ಸೆಲ್ಫಿ ತೆಗೆಯುವುದು ನಿಷಿದ್ಧ ಎಂದು ಬಸ್ಸಿನಲ್ಲೇ ಹೇಳಿಬಿಡಿ.

ಮಕ್ಕಳಿಗೆ ಕೆಲಸ ಕೊಟ್ಟರೆ ಓಡಾಟ ತಾನಾಗಿ ಕಡಿಮೆಯಾಗುತ್ತದೆ. ಹೆಬ್ಬಾಗಿಲಲ್ಲದೆ ಇನ್ನು ಮೂರು ಚಿಕ್ಕ ಬಾಗಿಲುಗಳಿವೆ, ಅವನ್ನು ಹುಡುಕಿ ನಕ್ಷೆಯಲ್ಲಿ ಗುರುತಿಸಲಿ. ಒಂದು ಚಿರೆಕಲ್ಲಿನ ಉದ್ದಗಲ ಗೇಣಿನಲ್ಲಿ ಅಳೆಯಲಿ. ಬಾವಿಯ ನೀರಿಗೂ ಅಗಳಿಗೂ ಸಂಪರ್ಕದ ಕಾಲುವೆ ಎಲ್ಲಿರಬಹುದೆಂದು ಊಹಿಸಲಿ. ಕಲ್ಲಿನ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ತಡೆಯಿರಿ, ಚಿರೆಕಲ್ಲು ಮೊಳೆಗೂ ಪುಡಿಯಾಗುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಿಂದ ನೆಂಟರು ಒಂದೇ ದಿನಕ್ಕೆ ಕಾರವಾರಕ್ಕೆ ಬರುತ್ತಿದ್ದಾರೆ. ಸದಾಶಿವಗಡ ತೋರಿಸಿದರೆ ಸಾಕೇ? ಕೂರ್ಮಗಡ ದ್ವೀಪಕ್ಕೂ ಹೋಗಬಹುದೇ?
— ಓದುಗರು, ಕೋಡಿಬಾಗ

ಉತ್ತರ: ಸದಾಶಿವಗಡದಲ್ಲಿ ಮಿರ್ಜಾನಿನಂಥ ಕೋಟೆ ಸಿಗುತ್ತದೆಂದು ಹೇಳಿ ಕರೆದೊಯ್ಯಬೇಡಿ. ಸೋದೆಯ ಅರಸ ಬಸವಲಿಂಗ ತಂದೆ ಸದಾಶಿವಲಿಂಗನ ಹೆಸರಿನಲ್ಲಿ ಕಟ್ಟಿಸಿದ ಕೋಟೆಯಲ್ಲಿ ಈಗ ಉಳಿದಿರುವುದು ಅಲ್ಪ. ಹತ್ತಬೇಕಾದದ್ದು ಜಾಗ ನೋಡಲು: ಕಾಳಿ ನದಿ ಕಡಲು ಸೇರುವ ಮುಖ, ಸೇತುವೆ, ದ್ವೀಪಗಳು ಒಂದೇ ನೋಟಕ್ಕೆ ಸಿಗುತ್ತವೆ, ಇಲ್ಲೇ ಏಕೆ ಕೋಟೆ ಬೇಕಿತ್ತೆಂದು ಕೇಳುವ ಅಗತ್ಯ ಬೀಳುವುದಿಲ್ಲ. ಗುಡ್ಡದ ಮೇಲಿನ ದುರ್ಗಾದೇವಿಯ ಗುಡಿ ಸೇರಿ ಒಂದೂವರೆ ತಾಸು ಸಾಕು. ಸಂಜೆ ನಾಲ್ಕರ ನಂತರ ಹೋಗಿ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದಿದ್ದರಿಂದ ಆ ಜಾಗ ನೋಡಲೆಂದು ಹೊಸ ಸೇತುವೆಯ ಮೇಲೆ ಗಾಡಿ ನಿಲ್ಲಿಸುವವರುಂಟು, ನೀವು ನಿಲ್ಲಿಸಬೇಡಿ.

ಕೂರ್ಮಗಡ ಮಳೆಗಾಲದಲ್ಲಿ ಆಗದ ಮಾತು. ಪುಷ್ಯ ಹುಣ್ಣಿಮೆಯ ನರಸಿಂಹ ಜಾತ್ರೆಯ ದಿನ ದೋಣಿಗಳೇನೋ ಧಾರಾಳ, ಜನವೂ ಅಷ್ಟೇ. 2019ರ ಜನವರಿ 21ರಂದು ಅಲ್ಲಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು, ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಮಂದಿಯಿದ್ದರು. ಉಳಿದ ದಿನಗಳಲ್ಲಿ ಹೋಗುವುದಾದರೆ ದೋಣಿಯವರ ಹತ್ತಿರ ಮೊದಲೇ ಮಾತಾಡಿ, ಬೆಳಗಿನ ಹೊತ್ತು ಹೊರಡಿ. ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದೆಯೇ ಎಂದು ದಡದಲ್ಲೇ ಎಣಿಸಿ ನೋಡಿ. ಒಂದು ಕಡಿಮೆ ಬಿದ್ದರೂ ಆ ದೋಣಿ ಹತ್ತಬೇಡಿ.